ಮೇಡಂ, ಅವರ ಅಕ್ಕ ಮತ್ತು ನನ್ನ ಟೆಲೊಮಿಯರ್‌ಗಳು

ನಿನ್ನೆ ಪಾಠ ಮಾಡಲೆಂದು ತರಗತಿಯಲ್ಲಿ ಹೊಸ ಮಾರ್ಕರ್‌ನ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಹತ್ತಿದ್ದೇ ತಡ, ವಡೋದರಾದ ನನ್ನ ಗೈಡ್ ಮೇಡಂ ಎದುರಿಗೆ ಬಂದು ನಿಂತಂತಾಯಿತು. ಬೆರಳಿಗೆಲ್ಲ ನೀಲಿ ಮಸಿ, ಸೆರಗಿಗೂ ಒಂದಿಷ್ಟು...

ಮೇಡಂ ಧಾರವಾಡದವರು, ಗಣಿತದವರು. ಮೈಸೂರಿನಿಂದ ಪಿಎಚ್‌ಡಿಗೆಂದು ಹೋದ ನನಗೆ ಆ ಊರಿನಲ್ಲಿ ಮೊದಲು ಕನ್ನಡ ಕೇಳಿಸಿದ್ದು ಅವರ ಕೋಣೆಯಲ್ಲಿ. ಅವರು ಕೊಟ್ಟ ವಿಷಯ ಜೀವಕೋಶದ ಮುಪ್ಪು. ಕೋಶ ಒಡೆದು ಎರಡಾದಾಗಲೆಲ್ಲ ಅದರ ವರ್ಣತಂತುಗಳ ತುದಿ, ಅಂದರೆ ಟೆಲೊಮಿಯರ್, ಚೂರು ಸವೆಯುತ್ತದೆ. ತೀರಾ ಗಿಡ್ಡವಾದಾಗ ಕೋಶ ಒಡೆಯುವುದನ್ನೇ ನಿಲ್ಲಿಸುತ್ತದೆ. ಇದನ್ನು ನಾನು ಸಮೀಕರಣಗಳಲ್ಲಿ ಹಿಡಿಯಬೇಕಿತ್ತು.

ಹಿಡಿಯಲಾಗಲಿಲ್ಲ. ಜೀವಶಾಸ್ತ್ರ ವಿಭಾಗದವರು ಬೆಳೆಸಿದ ಕೋಶಗಳು ಹಿಂದೆ ಮುಂದೆ, ತಮಗೆ ತೋಚಿದಾಗ ನಿಲ್ಲುತ್ತಿದ್ದವು. ನನ್ನ ಕಂಪ್ಯೂಟರಿನ ಕೋಶಗಳು ಗಂಟೆ ಹೊಡೆದಂತೆ ಎಲ್ಲವೂ ಒಟ್ಟಿಗೇ ನಿಲ್ಲುತ್ತಿದ್ದವು. ಮೇಡಂ ನಿವೃತ್ತಿ ಹತ್ತಿರವಾಗಿತ್ತು. ಆಮೇಲೆ ಸಿಗಬಹುದಾಗಿದ್ದ ಗೈಡ್‌ಗೆ ಈ ವಿಷಯವೇ ಬೇಡವಾಗಿತ್ತು. ಎಲ್ಲ ಬಿಟ್ಟು ಊರಿಗೆ ಹೋಗಿಬಿಡೋಣ ಅನ್ನಿಸಿತ್ತು.

ಅಂಥ ದಿನಗಳಲ್ಲೇ ಮೇಡಂ ಅವರ ಅಕ್ಕ ಹುಬ್ಬಳ್ಳಿಯಿಂದ ಬಂದರು. ಮೂವರೂ ಅಲ್ಕಾಪುರಿಯ ಉಡುಪಿ ಹೋಟೆಲಿಗೆ ಹೋದೆವು. ಮೇಡಂ ತಲೆ ಪೂರ್ತಿ ಬೆಳ್ಳಗೆ, ಮಂಡಿನೋವು ಬೇರೆ. ಅಕ್ಕ ಮೆಟ್ಟಿಲನ್ನು ಸರಸರನೆ ಹತ್ತಿದರು, ತಲೆಯಲ್ಲಿ ಇನ್ನೂ ಕಪ್ಪು ಕೂದಲು. ಹೋಟೆಲಿನ ಮಾಲೀಕರು ಮೇಡಂಗೆ ಹಳೆಯ ಪರಿಚಯ. ನಗುತ್ತಾ ಬಂದು ಕೇಳಿದರು, "ನಿಮ್ಮ ತಂಗಿಯಾ ಮೇಡಂ? ನಿಮಗಿಂತ ತುಂಬಾ ಸಣ್ಣವರ ಹಾಗೆ ಕಾಣ್ತಾರೆ."

"ತಂಗಿ ಅಲ್ರೀ, ನಾವು ಅವಳಿ ಜವಳಿ. ಹಂಗ ನೋಡಿದ್ರ ಆಕೀನ ನನಕಿಂತ ಮೊದಲ ಹುಟ್ಟಿದಾಕಿ."

ಮಾಲೀಕರು ಪೆಚ್ಚಾದರು. ಅಕ್ಕ ತಂಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುತ್ತಿದ್ದ ಮೇಡಂ ತಟ್ಟನೆ ನಿಲ್ಲಿಸಿ ನನ್ನತ್ತ ತಿರುಗಿದರು.

"ಯವ್ವಾ, ನಿನ್ನ ಕೋಶ ಎಲ್ಲಾ ಪ್ರತೀ ಸಲ ಒಂದ ಅಳತೀಲೆ ಸವಸ್ತೀ ಹೌದಿಲ್ಲವಾ?"

"ಹೌದು ಮೇಡಂ, ಸರಾಸರಿ ತಗೊಂಡಿದೀನಿ."

"ಅದ ತಪ್ಪಾಗೇದ ನೋಡು. ಒಂದ ತತ್ತಿಯಿಂದ ಬಂದ ನಾವಿಬ್ಬರ ಒಂದ ಸಮ ಸವದಿಲ್ಲ. ಅವು ಹೆಂಗ ಸವೀತಾವ?"

ಅಕ್ಕ ಸುಳ್ಳುಕೋಪ ತೋರಿಸಿದರು. "ದೋಸಿ ತಿನ್ನಾಕ ಕರಕೊಂಡ ಬಂದು ನನ್ನ ಲೆಕ್ಕದಾಗ ಹಾಕಿದಿಯೇನ?"

ಕಾಫಿಗೂ ಕಾಯದೆ ವಿಭಾಗಕ್ಕೆ ಬಂದೆವು. ಪ್ರತಿ ಸಲ ಎಷ್ಟು ಸವೆಯಬೇಕೆಂಬುದನ್ನು ಈ ಬಾರಿ ಆಕಸ್ಮಿಕಕ್ಕೆ ಬಿಟ್ಟೆ. ಕೋಶಗಳು ಒಂದೊಂದಾಗಿ ನಿಲ್ಲತೊಡಗಿದವು. ಪರದೆಯ ನಕ್ಷೆಯಲ್ಲಿ ಗೆರೆ ನಿಧಾನವಾಗಿ ಇಳಿಯುತ್ತಾ ಪ್ರಯೋಗಾಲಯದ ಅಂಕಿಗಳ ಚುಕ್ಕೆಗಳ ಮೇಲೆಯೇ ಹಾದುಹೋಯಿತು. ಮೇಡಂ ಅಕ್ಕನನ್ನು ಪರದೆಯ ಮುಂದೆ ಕೂರಿಸಿ ತೋರಿಸಿದ್ದೇ ತೋರಿಸಿದ್ದು. ನನ್ನ ಪ್ರಬಂಧಕ್ಕೆ ಸಹಿ ಹಾಕಿಯೇ ಅವರು ನಿವೃತ್ತರಾದರು.

ಹೋದ ವರ್ಷ ಮೇಡಂ ತೀರಿಕೊಂಡರು...

ನಿನ್ನೆ ಸಂಜೆ ಮನೆಗೆ ಬಂದವಳೇ ಅಕ್ಕನಿಗೆ ಫೋನ್ ಮಾಡಿದೆ. ಕೂದಲು, ಮಂಡಿ, ನಡಿಗೆ ಎಲ್ಲ ಬೇರೆಯಾಗಿದ್ದ ಆ ಇಬ್ಬರಿಗೂ ಫೋನಿನಲ್ಲಿ ದನಿ ಮಾತ್ರ ಒಂದೇ ಎಂದು ನನಗೆ ಅಲ್ಲಿಯತನಕ ಗೊತ್ತೇ ಇರಲಿಲ್ಲ.

"ಊಟಾ ಆತೇನವಾ?" ಎಂದರು.

"ಇನ್ನೂ ಇಲ್ಲ ಮೇಡಂ" ಅಂದುಬಿಟ್ಟೆ.