ನೆಲ ಒರೆಸುವ ಪಕ್ಕೀರಮ್ಮನಿಗೆ ತಿಳಿದದ್ದು

2025ರ ನವೆಂಬರ್ 18, ಮಂಗಳವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಕೂಡ್ಲಿಗಿಯ ಪಶು ಆಸ್ಪತ್ರೆಯ ಬೀಗ ತೆಗೆದು ಪಕ್ಕೀರಮ್ಮ ಒಳಗೆ ಬರುತ್ತಾರೆ. ಹೆದ್ದಾರಿಯಲ್ಲಿ ಹೊಸಪೇಟೆ ಕಡೆಗೆ ಹೋಗುವ ಲಾರಿಗಳ ಸದ್ದು ಬಿಟ್ಟರೆ ಊರು ಇನ್ನೂ ಮಗ್ಗುಲು ಬದಲಿಸುತ್ತಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಕೆಟ್ ಎತ್ತುತ್ತಾರೆ. ನೀರು ಸುರಿಯುವ ಮುನ್ನ ಮಾತ್ರ ಒಂದು ಗಳಿಗೆ ನಿಂತು ನೆಲವನ್ನು ಓದುತ್ತಾರೆ. ಹಿಂದಿನ ಸಂಜೆ ಬಂದ ಆಡು ಎಲ್ಲಿ ಕಾಲು ಜಾಡಿಸಿತು, ಯಾವ ನಾಯಿ ಗೋಡೆಗೆ ಒತ್ತಿಕೊಂಡು ನಡೆಯಿತು ಎಂಬುದೆಲ್ಲ ಅವರಿಗೆ ಅಲ್ಲಿ ಕಾಣುತ್ತದೆ.

ಇವತ್ತು ಅವರ ಮನಸ್ಸು ಕೈಯಲ್ಲಿಲ್ಲ. ಕೊಟ್ಟೂರಿನಿಂದ ಚುಕ್ಕಿ ಬರಬೇಕು. ಎಂಟು ತಿಂಗಳ ಆ ಹೆಣ್ಣುನಾಯಿ ಮನೆಯಲ್ಲಿ ಉಳಿಯುತ್ತದೆಯೋ, ಹಗರಿಬೊಮ್ಮನಹಳ್ಳಿ ಹತ್ತಿರದ ಕೋಳಿ ಫಾರ್ಮಿನ ಸರಪಳಿಗೆ ಹೋಗುತ್ತದೆಯೋ ಇವತ್ತು ತೀರ್ಮಾನ. ಮನೆಯ ಹಿರಿಯರು ಕೊಟ್ಟ ಒಂದು ತಿಂಗಳ ಗಡುವು ಮುಗಿದಿದೆ.

ಐವತ್ತಮೂರರ ಪಕ್ಕೀರಮ್ಮ ಇಲ್ಲಿ ಗುತ್ತಿಗೆಯ ಮೇಲೆ ನೆಲ ಒರೆಸಲು ಬಂದು ಹದಿನಾರು ವರ್ಷವಾಯಿತು. ದಿನಕ್ಕೆ ಹನ್ನೆರಡು ಬಕೆಟ್ ನೀರು, ನಾಲ್ಕು ಕೋಣೆ, ಒಂದು ಜಗಲಿ. ಸಾಮಾನ್ಯ ದಿನ ಮೂವತ್ತೈದು ಪ್ರಾಣಿಗಳು ಬಂದರೆ ಸಂತೆಯ ದಿನ ಅರವತ್ತು ದಾಟುತ್ತವೆ. ಫಿನಾಯಿಲಿಗೆ ಅಂಗೈ ಸೀಳಿದೆ. ಒಮ್ಮೆ ಹೋರಿಯೊಂದು ಕಟ್ಟೆಗೆ ಒತ್ತಿದ್ದರಿಂದ ಎಡಗೈಯ ಎರಡು ಬೆರಳು ಮಡಚುವುದಿಲ್ಲ. "ಅದಕ್ಕ ನೋವಾಗಿತ್ರಿ, ಒದರಾಡ್ತು. ನನ್ನ ಮ್ಯಾಲೇನು ಅದಕ್ಕ ಸಿಟ್ಟಿರಲಿಲ್ಲ" ಎಂದು ಹೋರಿಯ ಪರವಾಗಿಯೇ ವಾದಿಸುತ್ತಾರೆ.

ಚುಕ್ಕಿಯ ಕಥೆ ಅಕ್ಟೋಬರಿನದು. ಕೊಟ್ಟೂರಿನ ಲೈನ್‌ಮನ್ ಕ್ರಾಂತಿಕುಮಾರ್ ಅದನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದಿದ್ದರು. ಅವರು ಕೆಲಸ ಮುಗಿಸಿ ಮನೆಗೆ ಬಂದರೆ ಸಾಕು, ಬಾಲ ಅಲ್ಲಾಡಿಸುತ್ತ ಓಡಿ ಬಂದ ನಾಯಿ ಕಾಲ ಬಳಿ ಮುದುರಿ, ಬಾಗಿಲಲ್ಲೇ ಮೂತ್ರ ಮಾಡುತ್ತಿತ್ತು. ನೆಂಟರು ಬಂದರೂ ಅದೇ. ಒಂದು ಸಂಜೆ ಕ್ರಾಂತಿಕುಮಾರರ ತಾಯಿ ನಾಗಲಿಂಗಮ್ಮ ಒದ್ದೆ ಟೈಲ್ಸ್ ಮೇಲೆ ಜಾರಿಬಿದ್ದರು. ಸೊಂಟ ಮುರಿಯಲಿಲ್ಲ, ಆದರೆ ಹತ್ತು ದಿನ ಹಾಸಿಗೆ ಹಿಡಿದರು.

ಮನೆಯವರು ಸುಮ್ಮನಿರಲಿಲ್ಲ. ಒಳಗೆ ಉಷ್ಣವಾಗಿದೆ ಎಂದು ತಿಳಿದು ಚುಕ್ಕಿಗೆ ಹೊತ್ತು ಹೊತ್ತಿಗೆ ಜೀರಿಗೆ ನೀರು, ನೀರು ಮಜ್ಜಿಗೆ ಕುಡಿಸಿದ್ದರು. ಉಷ್ಣ ಇಳಿಯಿತೋ ಇಲ್ಲವೋ, ನೆಲದ ಮೇಲಿನ ಕೆರೆ ದೊಡ್ಡದಾಯಿತು. ಆಮೇಲೆ ಬೈದರು, ಪೊರಕೆ ತೋರಿಸಿದರು, ಮೂತಿಯನ್ನು ನೆಲಕ್ಕೆ ಒತ್ತಿದರು. ಅದು ಇನ್ನೂ ಹೆಚ್ಚಾಯಿತು.

ಆಸ್ಪತ್ರೆಯ ವೈದ್ಯೆ ಡಾ. ಅರ್ಚನಾ ಮೂತ್ರ ಪರೀಕ್ಷೆ ಮಾಡಿಸಿದರು. ಸೋಂಕಿಲ್ಲ, ಸಕ್ಕರೆಯಿಲ್ಲ, ಕಲ್ಲಿಲ್ಲ. ಆಗ ಬಾಗಿಲ ಬಳಿ ನೆಲ ಒರೆಸುತ್ತಿದ್ದ ಪಕ್ಕೀರಮ್ಮ ಬಾಯಿ ಹಾಕಿದರು.

"ಅಮ್ಮಾರ, ತಪ್ಪು ತಿಳೀಬ್ಯಾಡ್ರಿ. ಇದು ಒಂದ ಇದ್ದಾಗ ಹನಿ ಸುದ್ದಾ ಬಿದ್ದಿಲ್ಲ. ಇವರು ಬಗ್ಗಿ ತಲಿ ಮುಟ್ಟಾಕ ಹೋದಾಗ ಬಿದ್ದೈತಿ. ನೀವು ಬಗ್ಗಿದಾಗ ಬಿದ್ದೈತಿ. ಮೂರು ಸಲ ಒರಸೀನಿ, ಮೂರೂ ಮನುಷ್ಯಾರ ಕಾಲ ಮುಂದ."

ಡಾಕ್ಟರ್ ಪೆನ್ನು ಕೆಳಗಿಟ್ಟರು. ಅವರ ಅನುಮಾನವೂ ಅದೇ ದಾರಿಯಲ್ಲಿತ್ತು, ಸಾಕ್ಷಿ ಮಾತ್ರ ಒರೆಸುವ ಬಟ್ಟೆಯಲ್ಲಿತ್ತು. ಇದು ರೋಗವಲ್ಲ, ಹಟವೂ ಅಲ್ಲ. ಅಂಜುಬುರುಕ ಮರಿ ದೊಡ್ಡವರ ಎದುರು 'ನಾನು ಸಣ್ಣವಳು, ಏನೂ ಮಾಡಬೇಡಿ' ಎಂದು ಹೇಳುವ ರೀತಿ. ಬೈದರೆ ತನ್ನ ಮಾತು ತಲುಪಲಿಲ್ಲವೆಂದು ಅದನ್ನೇ ಮತ್ತೆ ಹೇಳುತ್ತದೆ. ಧೈರ್ಯ ಬಂದಂತೆ ಬಹುಪಾಲು ಮರಿಗಳಲ್ಲಿ ನಿಂತುಹೋಗುತ್ತದೆ.

"ಒರಸೋಳ ಮಾತು ಯಾರು ಕೇಳ್ತಾರ್ರಿ? ಅಮ್ಮಾರು ಕೇಳಿದ್ರು. ಅಷ್ಟು ಓದಿದೋರು, ನನಗ ಕುರ್ಚಿ ಹಾಕಿ ಇನ್ನೊಮ್ಮಿ ಹೇಳು ಅಂದ್ರು" ಎನ್ನುತ್ತಾರೆ ಪಕ್ಕೀರಮ್ಮ. ಆ ಕುರ್ಚಿಯ ಋಣವನ್ನು ಅವರು ಮರೆತಿಲ್ಲ.

ಮರುದಿನ ಭಾನುವಾರ ಅವರೇ ಬಸ್ಸು ಹತ್ತಿ ಕೊಟ್ಟೂರಿಗೆ ಹೋದರು. ಅಂಗಳದಲ್ಲಿ ಕೂತು ಸಂಜೆಯವರೆಗೆ ಸುಮ್ಮನೆ ನೋಡಿದರು. ಹೆಲ್ಮೆಟ್ ಹಾಕಿಕೊಂಡು, ಸೊಂಟದ ಪಟ್ಟಿಯಲ್ಲಿ ಇಕ್ಕಳ, ಸ್ಪ್ಯಾನರ್ ಗಲಗುಟ್ಟಿಸುತ್ತ ಕ್ರಾಂತಿಕುಮಾರ್ ಬಾಗಿಲಿಗೆ ಬಂದರು. ನಾಗಲಿಂಗಮ್ಮ ಕಾಲಿಗೆ ಚೊಂಬು ನೀರು ತಂದರು. ಮಗ ಹೊಸ್ತಿಲಲ್ಲಿ ಬಗ್ಗಿ "ಬಾರವ್ವ ಚುಕ್ಕೀ!" ಎಂದು ಕೂಗಿದರು. ಮುಗಿಯಿತು, ಹೊಸ್ತಿಲು ಒದ್ದೆ.

"ತಮ್ಮಾ, ಕಂಬ ಹತ್ತೋ ಅವತಾರದಾಗ ಬಂದ್ರ ನಾನೂ ಹೆದರ್ತೀನಿ, ಅದರದೇನು ತಪ್ಪು?" ಎಂದರು ಪಕ್ಕೀರಮ್ಮ.

ಅವರು ಬದಲಿಸಿದ್ದು ಚೊಂಬಿನ ಜಾಗವನ್ನು. ಇನ್ನು ಮೇಲೆ ಕಾಲು ತೊಳೆಯುವುದು ಹೊಸ್ತಿಲಲ್ಲಲ್ಲ, ಅಂಗಳದ ಮಣ್ಣಿನ ಮೇಲೆ. ಹೆಲ್ಮೆಟ್, ಪಟ್ಟಿ ಗೇಟಿನಲ್ಲೇ ತೆಗೆದಿಡಬೇಕು. ನಾಯಿಯನ್ನು ಕರೆಯಬಾರದು, ನೋಡಬಾರದು. ಅದಕ್ಕೆ ಪಕ್ಕೆ ಕೊಟ್ಟು ಕುಕ್ಕರುಗಾಲಲ್ಲಿ ಕೂತು ಎರಡೂ ಪಾದ ನಿಧಾನವಾಗಿ ತೊಳೆಯಬೇಕು. ಅಷ್ಟರಲ್ಲಿ ಅದೇ ಬಂದು ಮೂಸಿದರೆ ಗದ್ದದ ಕೆಳಗೆ ತುರಿಸಬೇಕು, ತಲೆಯ ಮೇಲೆ ಕೈ ಒಯ್ಯಬಾರದು. ಹನಿ ಬಿದ್ದರೆ ಮಣ್ಣು ಕುಡಿದುಕೊಳ್ಳುತ್ತದೆ. ಒಳಗೆ ಬಿದ್ದರೆ ಚುಕ್ಕಿಯನ್ನು ಆಚೆ ಕಳಿಸಿ, ಮಾತಿಲ್ಲದೆ ಒರೆಸಬೇಕು. 'ಛೀ' ಕೂಡ ಅನ್ನಬಾರದು.

"ಛೀ ಅನಬ್ಯಾಡ, ಬೈಬ್ಯಾಡ, ನೋಡಬ್ಯಾಡ. ಉಸರಾಡಬಹುದೇನವ್ವಾ ನಮ್ಮ ಮನ್ಯಾಗ ನಾನು?" ಎಂದು ಸೊಂಟ ಹಿಡಿದುಕೊಂಡೇ ಕೇಳಿದರು ನಾಗಲಿಂಗಮ್ಮ.

"ಮೆಲ್ಲಕ ಉಸರಾಡ್ರಿ ಯವ್ವಾ" ಎಂದರು ಪಕ್ಕೀರಮ್ಮ. ಇಬ್ಬರೂ ನಕ್ಕರು. ಗಡುವು ಹುಟ್ಟಿದ್ದು ಆಗಲೇ: "ಒಂದು ತಿಂಗಳು. ಹೊರಗಿನೋರ ಮುಂದೂ ಒಣಾ ನಿಂತು ತೋರಿಸ್ಲಿ. ಇಲ್ಲಂದ್ರ ಫಾರ್ಮಿಗೆ. ಇನ್ನೊಮ್ಮಿ ಬಿದ್ರ ನಾ ಏಳಂಗಿಲ್ಲ."

ಕ್ರಾಂತಿಕುಮಾರ್ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು. ಮೊದಲ ವಾರ ಬೀದಿಯ ಪಟಾಕಿ ಸೇರಿ ಇಪ್ಪತ್ತಾರು ಸಲ. ಎರಡನೆಯ ವಾರ ಹದಿನಾಲ್ಕು, ಮೂರನೆಯ ವಾರ ಐದು. ಆಮೇಲೆ ಒಂದು ಸಲ, ಅದೂ ಗ್ಯಾಸ್ ಸಿಲಿಂಡರ್ ತಂದವನನ್ನು ಕಂಡು.

"ನಾನು ಅದಕ್ಕ ಕಲಿಸಿದ್ನೋ, ಅದು ನನಗ ಕಲಿಸ್ತೋ ಗೊತ್ತಿಲ್ರಿ" ಎನ್ನುತ್ತಾರೆ ಕ್ರಾಂತಿಕುಮಾರ್. "ಮನಿಗೆ ಬಂದ ಕೂಡ್ಲೇ ಒದರೋದು ಬಿಟ್ಟೀನಿ. ಅದಕ್ಕ ಪಕ್ಕೀರಮ್ಮಕ್ಕನ ಉಪಕಾರ ನಮ್ಮವ್ವಗೂ ಐತಿ."

ಹತ್ತೂವರೆಗೆ ಗೇಟಿನ ಮುಂದೆ ಟಂಟಂ ನಿಲ್ಲುತ್ತದೆ. ತಾಯಿ, ಮಗ ಇಳಿಯುತ್ತಾರೆ, ಹಿಂದೆಯೇ ಚುಕ್ಕಿ. ನಾಗಲಿಂಗಮ್ಮನ ಚೀಲದಲ್ಲಿ ಪಕ್ಕೀರಮ್ಮನಿಗೆಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿ. "ತೀರ್ಮಾನ ಬ್ಯಾರೆ, ರೊಟ್ಟಿ ಬ್ಯಾರೆ. ತಿನ್ನು" ಎಂದು ಮೊದಲೇ ಕೈಗಿಡುತ್ತಾರೆ. ಆಸ್ಪತ್ರೆಯಿಂದ ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಪಕ್ಕೀರಮ್ಮ ಗೇಟಿನ ಪಕ್ಕದ ಬೇವಿನ ನೆರಳು ತೋರಿಸುತ್ತಾರೆ: "ಅಲ್ಲಿ ಎರಡು ಬುಟ್ಟಿ ಮಣ್ಣು ಹಾಕಿಸಿದ್ರ ಸಾಕ್ರಿ. ಹೆದರಿದ ನಾಯಿ ಒಳಗ ಬರೋಕ ಮೊದ್ಲು ಒಂದೀಟು ನಿಂತ್ಕಳ್ಳಲಿ."

ಜಂತುಹುಳದ ಮಾತ್ರೆಗೆ ತೂಕ ನೋಡಬೇಕು. ಒಳಗೆ ಡಾಕ್ಟರ್, ಎಮ್ಮೆಯ ಔಷಧಿಗೆ ಬಂದ ಇಬ್ಬರು ರೈತರು, ಎಲ್ಲರೂ ಚುಕ್ಕಿಗೆ ಹೊರಗಿನವರೇ. ಯಾರೂ ಬಗ್ಗುವುದಿಲ್ಲ. ಪಕ್ಕೀರಮ್ಮ ತಕ್ಕಡಿಯ ಪಕ್ಕ ಗೋಡೆ ನೋಡುತ್ತ ಕುಕ್ಕರಿಸುತ್ತಾರೆ. ಚುಕ್ಕಿ ಮೂಸುತ್ತದೆ, ಬಾಲ ತಗ್ಗಿಸುತ್ತದೆ, ಹಿಂದೆ ಸರಿಯುತ್ತದೆ. ಆಮೇಲೆ ಒಂದೊಂದೇ ಕಾಲಿಟ್ಟು ತಕ್ಕಡಿ ಹತ್ತಿ ನಿಲ್ಲುತ್ತದೆ.

ಅದು ಇಳಿದ ಮೇಲೆ ನಾಗಲಿಂಗಮ್ಮ ಸೊಂಟ ಹಿಡಿದು ಬಗ್ಗಿ, ತಕ್ಕಡಿಯ ರಬ್ಬರ್ ಹಾಸನ್ನು ಅಂಗೈಯಿಂದ ಸವರುತ್ತಾರೆ. ಎರಡನೆಯ ಸಲವೂ ಸವರುತ್ತಾರೆ.

"ಒಣಾ ಐತಿ" ಎನ್ನುತ್ತಾರೆ. "ಫಾರ್ಮಿನೋರಿಗೆ ಫೋನ್ ಮಾಡಿ ಬ್ಯಾಡಂತ ಹೇಳಪಾ ಮಗನಾ. ಏಳವ್ವ ಚುಕ್ಕಿ, ಮನಿಗೆ ಹೋಗೂಣು."

ಡಾ. ಅರ್ಚನಾ ಚೀಟಿಯಲ್ಲಿ ತೂಕ ಬರೆಯುತ್ತಾರೆ: ಹದಿನಾಲ್ಕು ಕಿಲೋ ಇನ್ನೂರು ಗ್ರಾಂ.