ಒಂಬತ್ತು ಸೊನ್ನೆ

ಫ್ರಿಸ್ಕೋದ ನಮ್ಮವರ ಮನೆಗಳಲ್ಲಿ ಕಾಲೇಜಿಗೆ ಅರ್ಜಿ ಹಾಕುವುದೆಂದರೆ ಮದುವೆ ಮನೆಯಷ್ಟು ಗದ್ದಲ. ಸತ್ಯನಾರಾಯಣ ಪೂಜೆಯ ಪ್ರಸಾದ ಕೈಗಿಡುತ್ತಲೇ, "ನೀವು ಇದ್ರಲ್ಲೇ ಪಿಎಚ್‌ಡಿ ಮಾಡಿದೀರಲ್ಲ ಮೇಡಂ, ನಮ್ಮ ಮಗನ ಅರ್ಜಿಯ ಎಸ್ಸೇ ಸ್ವಲ್ಪ ನೋಡಿ" ಎನ್ನುತ್ತಾರೆ. ಮೆಕ್ಸಿಕೋದಿಂದ ಬಂದ ಕೂಲಿಯವರ ಮಕ್ಕಳು ಸೀಟು ಸಿಕ್ಕ ಮೇಲೂ ಯಾಕೆ ಕಾಲೇಜು ಸೇರುವುದಿಲ್ಲ ಎಂಬುದು ನನ್ನ ಸಂಶೋಧನೆ. ಹಾಗೆಂದು ಹೇಳಿದರೆ ಮಾತು ನಿಲ್ಲುತ್ತದೆ, ತಟ್ಟೆಗೆ ಇನ್ನೊಂದು ಚಮಚ ಸಪಾದ ಬೀಳುತ್ತದೆ.

ಒಂದು ಕಾರಣ ನನಗೆ ಚೆನ್ನಾಗಿ ಗೊತ್ತಿತ್ತು: ಕಾಲೇಜು ಫೀಸಿಗೆ ಸರ್ಕಾರ ಕೊಡುವ ನೆರವಿನ ಫಾರಂ. ಅದರಲ್ಲಿ ತಂದೆತಾಯಿಯ ಹೆಸರು, ವಿಳಾಸ, ಸರ್ಕಾರ ಕೊಟ್ಟ ಒಂಬತ್ತು ಅಂಕಿಯ ಸೋಷಿಯಲ್ ಸೆಕ್ಯುರಿಟಿ ನಂಬರು ಬರೆಯಬೇಕು. ಮಕ್ಕಳು ಇಲ್ಲೇ ಹುಟ್ಟಿದ ನಾಗರಿಕರು; ಹೆತ್ತವರಿಗೆ ಈ ದೇಶದಲ್ಲಿರಲು ಕಾಗದಪತ್ರವಿಲ್ಲ. ನಂಬರಿಲ್ಲದವರು ಆಗಿನ ಫಾರಂನಲ್ಲಿ ಒಂಬತ್ತು ಸೊನ್ನೆ ಬರೆಯಬೇಕಿತ್ತು.

ಕೆಲವು ವರ್ಷಗಳ ಹಿಂದೆ, ಹತ್ತಿರದ ಇರ್ವಿಂಗ್‌ನ ಶಾಲೆಯೊಂದರ ಲೈಬ್ರರಿಯಲ್ಲಿ ನಾನು ಫಾರಂ ತುಂಬಿಸುತ್ತಿದ್ದಾಗ ಒಬ್ಬ ತಾಯಿ ಆ ಖಾನೆಗೆ ಬಂದು ಕೈ ನಿಲ್ಲಿಸಿದಳು. ಆಫೀಸುಗಳನ್ನು ಗುಡಿಸಿ ಒರೆಸುವ ಕೆಲಸ ಅವಳದು. ನನ್ನನ್ನು "ಮಾಯೆಸ್ತ್ರಾ" ಎನ್ನುತ್ತಿದ್ದಳು, ಟೀಚರಮ್ಮ ಅಂದ ಹಾಗೆ. ದೊಡ್ಡ ಮಗಳಿಗೆ ಆಸ್ಟಿನ್‌ನಲ್ಲಿ ಸೀಟು ಸಿಕ್ಕಿತ್ತು.

"ಇಷ್ಟು ಸೊನ್ನೆ ನೋಡಿದ್ರೆ ನಾವು ಯಾರು ಅಂತ ಗೊತ್ತಾಗಲ್ವಾ, ಮಾಯೆಸ್ತ್ರಾ?" ಎಂದು ಸ್ಪ್ಯಾನಿಷ್‌ನಲ್ಲಿ ಕೇಳಿದಳು.

ನಾನು ನಕ್ಕೆ. ಆ ನಗು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ. "ಕಾಲೇಜಿನವರು ಬಿಟ್ರೆ ಯಾರೂ ನೋಡಲ್ಲ, ನನ್ನನ್ನ ನಂಬಿ" ಎಂದೆ. ನಂಬಿದಳು. ಮಗಳು ಓದಿ ಆಸ್ಟಿನ್‌ನಲ್ಲೇ ನರ್ಸ್ ಆದಳು. ಊರು, ಹೆಸರು ಮರೆಮಾಚಿ ಆ ಕತೆಯನ್ನು ನಾನು ಎಷ್ಟು ಸಮ್ಮೇಳನಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದೆನೋ.

ಆಮೇಲೆ ಕಾಲ ಕೆಟ್ಟಿತು. ಒಂದು ಇಲಾಖೆಯ ಪಟ್ಟಿಯನ್ನು ಕಾಗದಪತ್ರವಿಲ್ಲದವರನ್ನು ಹಿಡಿದು ಗಡೀಪಾರು ಮಾಡುವ ಇಲಾಖೆ ಕೇಳುತ್ತಿದೆ ಎಂದು ಎಲ್ಲರೂ ಪಿಸುಗುಟ್ಟತೊಡಗಿದರು. ಹ್ಯೂಸ್ಟನ್‌ನ ಸಹೋದ್ಯೋಗಿ ಫೋನ್ ಮಾಡಿ, ಸಂದರ್ಶನದ ಫೈಲುಗಳಲ್ಲಿ ವಿಳಾಸಗಳಿದ್ದರೆ ಅಳಿಸಿಬಿಡು ಎಂದಳು. ಅಳಿಸಿದೆ. ಫಾರಂಗಳಲ್ಲಿ ನಾನೇ ಕೂತು ಬರೆಸಿದ್ದನ್ನು ಹೇಗೆ ಅಳಿಸಲಿ?

"ನಮ್ಮ ಪೇಪರ್ಸ್ ಎಲ್ಲಾ ಸರಿಯಿದೆ ತಾನೆ, ನೀನ್ಯಾಕೆ ತಲೆ ಕೆಡಿಸ್ಕೋತೀಯ?" ಎಂದರು ನಮ್ಮ ಯಜಮಾನರು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂಬ ಗಾದೆ ಬೇರೆ. ನನಗೆ ಮೈಯೆಲ್ಲ ಉರಿಯಿತು.

ಆ ಕುಟುಂಬ ಸದ್ದಿಲ್ಲದೆ ಮನೆ ಬದಲಿಸಿತ್ತು. ದೊಡ್ಡ ಮಗಳನ್ನು ಕೇಳಿ ಹೊಸ ವಿಳಾಸ ತಿಳಿದುಕೊಂಡು ಹೋದ ತಿಂಗಳು ಅಲ್ಲಿಗೆ ಡ್ರೈವ್ ಮಾಡಿದೆ. ಹಾಡಹಗಲಲ್ಲೇ ಕಿಟಕಿಗಳಿಗೆಲ್ಲ ಪರದೆ ಎಳೆದಿತ್ತು. ಬೆಲ್ ಒತ್ತಿದೊಡನೆ ಒಳಗೆ ಟಿವಿಯ ಸದ್ದು ನಿಂತಿತು. ಹೆಸರು ಹೇಳಿದ ಮೇಲೂ ಬಾಗಿಲು ತೆರೆಯಲು ಬಹಳ ಹೊತ್ತು ಹಿಡಿಯಿತು. ಬೀದಿಯ ಕೊನೆಯಲ್ಲಿ ನಿಂತಿರುವ ಬಿಳಿ ವ್ಯಾನು ನಿಮ್ಮ ಹಿಂದೆಯೇ ಬಂತಾ ಎಂದು ತಾಯಿ ಕೇಳಿದಳು. ನಾನು ವ್ಯಾನನ್ನು ಗಮನಿಸಿಯೇ ಇರಲಿಲ್ಲ.

ಚಿಕ್ಕ ಮಗಳು ಈಗ ಹನ್ನೆರಡನೇ ತರಗತಿ. ಹ್ಯೂಸ್ಟನ್‌ನಲ್ಲಿ ಸೀಟು ಸಿಕ್ಕಿದೆ, ನೆರವಿಲ್ಲದೆ ಹೋಗಲಾಗದು. ಮೇಜಿನ ಮೇಲೆ ಲ್ಯಾಪ್‌ಟಾಪಿನಲ್ಲಿ ಫಾರಂ ತೆರೆದಿತ್ತು. ವಿಳಾಸದ ಜಾಗ ಖಾಲಿ.

"ಹೋದ ಸಲ ನೀವು ಹೇಳಿದ ಹಾಗೆ ಮಾಡಿದ್ವಿ," ಎಂದಳು ತಾಯಿ. "ಈ ಮನೆ ಇನ್ನೂ ಯಾವ ಕಾಗದದಲ್ಲೂ ಇಲ್ಲ. ಈ ಸಲ ಏನು ಮಾಡೋಣ, ನೀವೇ ಹೇಳಿ."

ಹುಡುಗಿ ನನ್ನ ಬಾಯನ್ನೇ ನೋಡುತ್ತಿದ್ದಳು. ಇಂಥ ಮಕ್ಕಳು ಕಾಲೇಜು ಮೆಟ್ಟಿಲು ಹತ್ತಲಿ ಎಂದು ಅರ್ಧ ಆಯುಸ್ಸು ಸವೆಸಿದವಳು ನಾನು.

"ಬೇಡ" ಎಂದೆ.

"ಅಕ್ಕನಿಗೆ ಹೂಂ ಅಂದಿದ್ರಲ್ಲ," ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿ ಹುಡುಗಿ ಲ್ಯಾಪ್‌ಟಾಪ್ ಮುಚ್ಚಿ ಒಳಗೆ ಹೋದಳು. ತಾಯಿ ನನ್ನ ಎರಡೂ ಕೈ ಹಿಡಿದುಕೊಂಡು ಮತ್ತೆ ಮತ್ತೆ ಥ್ಯಾಂಕ್ಸ್ ಹೇಳುತ್ತಿದ್ದಳು. ಬಿಡಿಸಿಕೊಂಡು ಓಡಿಹೋಗಬೇಕೆನಿಸಿತು. ಅವಳು ಬಿಡಲಿಲ್ಲ.