ಮಾವ ಗುರುತು ಹಿಡಿದ ಬೋಲ್ಟ್

ಐರ್ಲೆಂಡಿನ ಡಗ್ಲಸ್‌ನಲ್ಲಿ ನಮ್ಮ ಪಕ್ಕದ ಮನೆಯಾತ ಅರವತ್ತರ ಆಸುಪಾಸಿನ ಐರಿಷ್ ಬಡಗಿ. ಒಬ್ಬನೇ ಇರುತ್ತಿದ್ದ. ನಾವು ಆ ಮನೆಗೆ ಬಂದ ಹೊಸದರಲ್ಲಿ ನಾನು ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಿದ್ದೆ. ಆತ ಕಂಬಳಿ ಸುತ್ತಿದ ಉದ್ದನೆಯ ಸಾಮಾನುಗಳನ್ನು ವ್ಯಾನಿನಿಂದ ಇಳಿಸಿ ಹಿತ್ತಲ ಶೆಡ್ಡಿಗೆ ಒಯ್ಯುವುದನ್ನು ಎಷ್ಟೋ ಸಲ ನೋಡಿದ್ದೆ. ಒಮ್ಮೆ ಕಂಬಳಿ ಜಾರಿತು. ಕಂಡದ್ದು ಬಂದೂಕು.

ಗಂಡನಿಗೆ ಹೇಳಿದೆ. "ನಿಂಗೆ ಎಲ್ಲದ್ರಲ್ಲೂ ಅನುಮಾನ" ಎಂದು ಲ್ಯಾಪ್‌ಟಾಪಿಗೆ ಮುಖ ತಿರುಗಿಸಿದರು.

ಆ ಬೇಸಿಗೆಯಲ್ಲಿ ಮಾವ ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದರು. ಪೊಲೀಸ್ ಇಲಾಖೆಯಲ್ಲಿ ಬಂದೂಕು ರಿಪೇರಿ ಮಾಡುತ್ತಲೇ ನಿವೃತ್ತರಾದವರು. ಕಂಡದ್ದನ್ನು ಅವರಿಗೂ ಹೇಳಿದೆ. ಮರುದಿನ ಬೇಲಿಯ ಹತ್ತಿರ ಹೋಗಿ ನಿಂತರು. ಅವರು ಯಾವ ಕೆಲಸದಲ್ಲಿದ್ದರೆಂದು ನನ್ನಿಂದ ತಿಳಿದ ಪಕ್ಕದಾತ ಖುಷಿಯಿಂದ ನಮ್ಮಿಬ್ಬರನ್ನೂ ಶೆಡ್ಡಿನೊಳಗೆ ಕರೆದ.

"ಸಿನಿಮಾಕ್ಕೆ ಮಾಡ್ತೀನಿ. ಬರೀ ಮರ, ರಬ್ಬರು, ಬಣ್ಣ," ಎಂದ. ಮಾವ ಒಂದನ್ನು ಎತ್ತಿ ನೋಡಿ ನಕ್ಕರು. ಪೊರಕೆಯಷ್ಟು ಹಗುರ. ನನಗೆ ನಾಚಿಕೆಯಾಯಿತು.

ಆಮೇಲೆ ಆತ ಕಬ್ಬಿಣದ ತುಂಡುಗಳು ತುಂಬಿದ್ದ ಒಂದು ಬಿಸ್ಕತ್ ಡಬ್ಬ ತಂದಿಟ್ಟ. ತೀರಿಹೋದ ಚಿಕ್ಕಪ್ಪನ ತೋಟದ ಮನೆಯಲ್ಲಿ ಸಿಕ್ಕಿದ್ದಂತೆ. ಊರಿನ ನಾಟಕದವರ ಸಾಮಾನು ಎಂದು ಚಿಕ್ಕಪ್ಪ ಹೇಳುತ್ತಿದ್ದರಂತೆ. ಯಾವುದು ಬಂದೂಕಿನ ಯಾವ ಭಾಗ ಎಂದು ತಿಳಿದರೆ ಅಳತೆ ಹಿಡಿದು ಅಂಥದೇ ಮರದಲ್ಲಿ ಮಾಡಬಹುದು ಎಂದ. ಮಾವ ಕನ್ನಡಕ ಹಾಕಿಕೊಂಡು ಒಂದೊಂದೇ ಬಿಡಿಸಿಟ್ಟರು. ಹೆಚ್ಚಿನದು ಗುಜರಿ, ಒಂದಂತೂ ಗೇಟಿನ ಚಿಲಕ. ಕೊನೆಗೆ ಅಂಗೈಗಿಂತ ತುಸು ಉದ್ದದ ಒಂದು ತುಂಡನ್ನು ಬಟ್ಟೆಯಿಂದ ಒರೆಸಿ, ಅದರ ಮೇಲಿನ ನಂಬರನ್ನು ಬೆಳಕಿಗೆ ಹಿಡಿದರು.

"ಇದು ನಾಟಕದ್ದಲ್ಲಮ್ಮ," ಎಂದರು ಕನ್ನಡದಲ್ಲಿ. "ತ್ರೀ ನಾಟ್ ತ್ರೀ ರೈಫಲ್ಲಿನ ಬೋಲ್ಟು, ಗುಂಡನ್ನ ನಳಿಗೆಗೆ ತಳ್ಳಿ ಬಿಗಿಯೋದು. ನಮ್ಮಲ್ಲೂ ಇದೇ ಇದ್ದಿದ್ದು. ಇವ್ನಿಗೆ ಗೊತ್ತಿಲ್ಲ ಅಂದ್ರೆ ಹೆಂಗೆ ನಂಬೋದು? ಈಗ್ಲೇ ಏನೂ ಹೇಳ್ಬೇಡ."

"ಏನಂತಾರೆ?" ಎಂದ ಪಕ್ಕದಾತ.

"ಸರಿಯಾಗಿ ಗೊತ್ತಾಗ್ತಿಲ್ಲವಂತೆ," ಎಂದು ಸುಳ್ಳು ಹೇಳಿದೆ.

ಮನೆಯಲ್ಲಿ ಗಂಡ ಗಾಬರಿಯಾದರು. "ಲೈಸೆನ್ಸ್ ಇಲ್ದೆ ಬಂದೂಕಿನ ಒಂದು ಭಾಗ ಇಟ್ಕೊಂಡ್ರೂ ಇಲ್ಲಿ ಕೇಸು. ವರ್ಕ್ ಪರ್ಮಿಟ್ ಮೇಲಿರೋರು ನಾವು. ನಮಗ್ಯಾಕಪ್ಪ ಇದೆಲ್ಲ?"

"ಸರ್ವಿಸ್‌ನಲ್ಲಿ ಬಂದೂಕಿನ ಒಂದು ಪಿನ್ನು ಕಾಣೆಯಾದ್ರೂ ಊಟ ಬಿಟ್ಟು ಹುಡುಕಿದೀನಿ," ಎಂದರು ಮಾವ. "ಕಣ್ಣಾರೆ ಕಂಡು ಸುಮ್ನಿರೋಕಾಗಲ್ಲ. ಮೊದ್ಲು ಅವ್ನಿಗೇ ಹೇಳೋಣ. ಏನ್ಮಾಡ್ತಾನೆ ನೋಡೋಣ."

ಬೆಳಿಗ್ಗೆ ಹೇಳಿದೆವು. ಆತನ ಮುಖ ಕೆಂಪಾಯಿತು. "ಆಗಲೇ ಗಾರ್ಡಾಗೆ ಹೇಳಿದೀರಾ?" ಎಂದು ನನ್ನನ್ನೇ ದಿಟ್ಟಿಸಿ ಕೇಳಿದ. ಇಲ್ಲಿ ಪೊಲೀಸರನ್ನು ಹಾಗೆ ಕರೆಯುತ್ತಾರೆ. ಇಲ್ಲ ಎಂದೆ. ಆತ ನಂಬಿದಂತೆ ಕಾಣಲಿಲ್ಲ. ಶೆಡ್ಡಿಗೆ ಬೀಗ ಹಾಕಿ ಒಳಗೆ ಹೋದ. ಎಲ್ಲಿ ಅದನ್ನು ನದಿಗೆ ಎಸೆದು ಬರುತ್ತಾನೋ ಎಂದು ಇಡೀ ದಿನ ವ್ಯಾನಿನ ಮೇಲೆ ಕಣ್ಣಿಟ್ಟಿದ್ದೆ. ಆಫೀಸಿನ ಎರಡು ಮೀಟಿಂಗಿನಲ್ಲಿ ಯಾರು ಏನು ಹೇಳಿದರೆಂಬುದು ನನಗೆ ಗೊತ್ತಿಲ್ಲ.

ನಾಲ್ಕು ಗಂಟೆಗೆ ನಮ್ಮ ಬೆಲ್ ಒತ್ತಿದವನು ಆತನೇ. "ಸ್ಟೇಷನ್ನಿಗೆ ಫೋನ್ ಮಾಡಿದೀನಿ, ಬರ್ತಿದಾರೆ. ಯಾವುದು ಅಂತ ನಿಮ್ಮ ಮಾವ ತೋರಿಸ್ತಾರಾ?"

ಇಬ್ಬರು ಗಾರ್ಡಾ ಬಂದರು. ಆತನಿಗಿಂತ ಹೆಚ್ಚು ಪ್ರಶ್ನೆ ಕೇಳಿದ್ದು ಮಾವನಿಗೆ. ಇದು ಅಸಲಿ ಎಂದು ನಿಮಗೆ ಹೇಗೆ ಗೊತ್ತು? ಈ ದೇಶಕ್ಕೆ ಯಾವಾಗ ಬಂದಿರಿ? ಈತನನ್ನು ಮೊದಲೇ ಬಲ್ಲಿರಾ? ಪಾಸ್‌ಪೋರ್ಟ್ ನೋಡಿ, ಅವೇ ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಿದರು. ಜೀವಮಾನವೆಲ್ಲ ಪೊಲೀಸರ ಕಡೆ ನಿಂತಿದ್ದ ಮಾವ ಅಂದು ನನ್ನ ಪಕ್ಕ ಕೈಕಟ್ಟಿಕೊಂಡು ಕೂತಿದ್ದರು. ಅವರು ಕೊಟ್ಟ ಉತ್ತರಗಳನ್ನು ನಾನು ಒಂದೊಂದಾಗಿ ಇಂಗ್ಲಿಷಿಗೆ ತಂದೆ.

ಬೋಲ್ಟನ್ನು ಗಾರ್ಡಾ ಒಯ್ದರು. ಕೆಲವು ವಾರಗಳ ಬಳಿಕ, ಅದು ಅಸಲಿಯೇ, ತಾನಾಗಿ ತಿಳಿಸಿದ್ದರಿಂದ ಆತನ ಮೇಲೆ ಕೇಸಿಲ್ಲ ಎಂದು ಗೊತ್ತಾಯಿತು. "ಎಲ್ಲ ಗ್ರ್ಯಾಂಡ್, ಸರಿಹೋಯ್ತು," ಎಂದು ಆತ ಮಾವನ ಕೈ ಕುಲುಕಿದ. ಆದರೂ ಆತನಿಗೆ ನೆಮ್ಮದಿ ಇರಲಿಲ್ಲ. ಬೋಲ್ಟು ಇತ್ತೆಂದರೆ ಅದರ ರೈಫಲ್ ಎಲ್ಲಿ? ಚಿಕ್ಕಪ್ಪ ಸುಳ್ಳು ಹೇಳಿದ್ದೇಕೆ? ತೋಟದ ಮನೆಗೆ ಹೋಗಿ ಎರಡು ದಿನ ಅಟ್ಟ, ಕೊಟ್ಟಿಗೆ ಎಲ್ಲ ಹುಡುಕಿ ಬಂದ. ಏನೂ ಸಿಗಲಿಲ್ಲವೆಂದ.

ನಾನು ನಂಬಿದೆ. ಮಾವ ಇನ್ನೂ ನಂಬಿಲ್ಲ.